ಕೊರಿಯಾಕ್ಕೆ ಬಂದ ಹೊಸಬರಿಗೆ: ಊಟ, ಉಡುಗೆ, ಕೈಕಸುಬು

ಕೆಲಸಕ್ಕೋ ಓದಿಗೋ ಸೋಲ್ ಮತ್ತು ಸುವೊನ್ ನಗರಗಳಿಗೆ ಬಂದಿಳಿಯುವ ನಮ್ಮವರಲ್ಲಿ ಅನೇಕರು ಮೊದಲ ವಾರಾಂತ್ಯದಲ್ಲೇ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯ ಬಳಿ ಹಾನ್‌ಬೊಕ್ ಎಂಬ ಕೊರಿಯಾದ ಸಾಂಪ್ರದಾಯಿಕ ಉಡುಗೆಯನ್ನು ಬಾಡಿಗೆಗೆ ಪಡೆದು, ಫೋಟೊ ತೆಗೆಸಿಕೊಂಡು, ಇಲ್ಲಿನ ಸಂಪ್ರದಾಯವನ್ನು ನೋಡಿಯಾಯಿತು ಎಂದುಕೊಳ್ಳುತ್ತಾರೆ. ಹಾನ್‌ಬೊಕ್ ಉಟ್ಟವರಿಗೆ ಅರಮನೆಯ ಪ್ರವೇಶ ಉಚಿತವಾದ್ದರಿಂದ ಅದೇನೂ ದಂಡವಲ್ಲ. ಮಂಗಳವಾರ ಮಾತ್ರ ಹೋಗಬೇಡಿ, ಅಂದು ಬಾಗಿಲು ಮುಚ್ಚಿರುತ್ತದೆ. ಆದರೆ ಕೊರಿಯನ್ನರು ತಮ್ಮ ಹಳೆಯ ಪದ್ಧತಿಗಳನ್ನು ಅಪಾರ್ಟ್‌ಮೆಂಟಿನ ಬದುಕಿಗೆ ಹೇಗೆ ಒಗ್ಗಿಸಿಕೊಂಡಿದ್ದಾರೆ ಎಂಬುದು ತಿಳಿಯುವುದು ಅಡುಗೆಮನೆಯಲ್ಲಿ, ಮತ್ತು ನಿಮಗೆ ಮೊದಲು ಬೇಕಾಗುವುದೂ ಅದೇ.

ಎಲೆಕೋಸಿನಂಥ ತರಕಾರಿಗಳನ್ನು ಉಪ್ಪು ಖಾರ ಹಾಕಿ ಕಳಿಸಿದ ಕಿಮ್ಚಿಯಿಂದಲೇ ತೊಡಗೋಣ. ಚಳಿಗಾಲಕ್ಕೆ ಮುನ್ನ ಮನೆಮಂದಿ, ನೆರೆಹೊರೆಯವರು ಕೂಡಿ ರಾಶಿಗಟ್ಟಲೆ ಕಿಮ್ಚಿ ಹಾಕುವ ಕಿಮ್‌ಜಾಂಗ್ ಪದ್ಧತಿಯನ್ನು ಯುನೆಸ್ಕೊ 2013ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ಓಂಗ್ಗಿ ಎಂಬ ಮಣ್ಣಿನ ಜಾಡಿಗಳನ್ನು ಹಿತ್ತಲಿನಲ್ಲಿ ಹೂಳುತ್ತಿದ್ದರು. ಹಿತ್ತಲೇ ಇಲ್ಲದ ಅಪಾರ್ಟ್‌ಮೆಂಟುಗಳಲ್ಲಿ, ನೆಲದೊಳಗಿನ ಆ ಏಕರೀತಿಯ ತಂಪನ್ನು ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ ಕಾಪಾಡುವ ಕಿಮ್ಚಿ ಫ್ರಿಜ್ 1990ರ ದಶಕದಿಂದ ಮನೆಮನೆಗೆ ಬಂತು. ನೀವು ಹಿಡಿದ ಬಾಡಿಗೆ ಮನೆಯಲ್ಲಿ ಅಂಥದ್ದಿದ್ದರೆ, ಹುಳಿಬಂದ ದೋಸೆಹಿಟ್ಟನ್ನು ಅದರಲ್ಲಿಡಿ. ಹಿಟ್ಟು ಮತ್ತಷ್ಟು ಹುಳಿಯಾಗುವುದು ಬಹಳ ನಿಧಾನವಾಗುತ್ತದೆ.

ಸಸ್ಯಾಹಾರಿಗಳು ಒಂದು ಮಾತನ್ನು ನೆನಪಿಡಬೇಕು. ಕಿಮ್ಚಿಯೆಂದರೆ ಎಲೆಕೋಸಿನ ಉಪ್ಪಿನಕಾಯಿಯೆಂದು ನಂಬಿ ನಾನು ಮೊದಲ ಮೂರು ತಿಂಗಳು ನಿಶ್ಚಿಂತೆಯಿಂದ ತಿಂದೆ. ಅದರಲ್ಲಿ ಉಪ್ಪು ಹಾಕಿ ಕಳಿಸಿದ ಸೀಗಡಿಯೋ ಮೀನಿನ ರಸವೋ ಇರುವುದು ವಾಡಿಕೆಯೆಂದು ಸಹೋದ್ಯೋಗಿಯೊಬ್ಬರು ಹೇಳಿದಾಗಲೇ ಗೊತ್ತಾದದ್ದು. ಇವಕ್ಕೆ ಒಟ್ಟಾಗಿ ಜೊತ್‌ಗಾಲ್ ಎನ್ನುತ್ತಾರೆ. ಕೊಳ್ಳುವ ಮುನ್ನ ಆ ಹೆಸರನ್ನೇ ಹಿಡಿದು ಕೇಳಿ, ಇಲ್ಲವೇ ವೀಗನ್ ಕಿಮ್ಚಿಯನ್ನೇ ಹುಡುಕಿ. ಸೋಯಾ ಕಾಳನ್ನು ಬೇಯಿಸಿ, ಇಟ್ಟಿಗೆಯಂತೆ ಕಟ್ಟಿ, ಒಣಗಿಸಿ, ಉಪ್ಪುನೀರಿನಲ್ಲಿ ಕಳಿಸುವ ತ್ವೆನ್‌ಜಾಂಗ್ ಎಂಬ ಗಟ್ಟಿ ಗೊಜ್ಜು ಮೂಲತಃ ಸಸ್ಯಾಹಾರವೇ, ಆದರೆ ಹೋಟೆಲಿನಲ್ಲಿ ಅದರ ಸಾರನ್ನು ಸಾಮಾನ್ಯವಾಗಿ ಒಣಮೀನು ಕುದಿಸಿದ ನೀರಿನಲ್ಲಿ ಮಾಡುತ್ತಾರೆ. ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ಹೆಸರುಬೇಳೆ ರುಬ್ಬಿ ಹುಯ್ಯುವ ಬಿಂದೆತೊಕ್ ನಮ್ಮ ದೋಸೆಯ ನೆನಪು ತಂದರೂ, ಅದರಲ್ಲಿ ಹಂದಿಮಾಂಸ ಬೆರೆತಿರಬಹುದು. ಎಲ್ಲಕ್ಕಿಂತ ನೆಮ್ಮದಿಯದು ಬೌದ್ಧ ಮಠಗಳ ಅಡುಗೆ. ಸೋಲ್‌ನ ಜೊಗ್ಯೆಸಾ ದೇವಾಲಯದ ಎದುರು ಅದನ್ನೇ ಬಡಿಸುವ ಊಟದ ಮನೆಯಿದೆ. ಬೆಳ್ಳುಳ್ಳಿ, ಈರುಳ್ಳಿ ಜಾತಿಗಳನ್ನು ಅಲ್ಲಿ ಬಳಸುವುದಿಲ್ಲ. ಮಠದ ಅಡುಗೆಯಲ್ಲಿ ವರ್ಜ್ಯವಾದ ಐದು ಘಾಟಿನ ಪದಾರ್ಥಗಳಲ್ಲಿ ಹುಂಗ್‌ಗೊ ಎಂಬ ಹೆಸರು ಕಂಡರೆ ಅದು ಬೇರೇನೂ ಅಲ್ಲ, ನಮ್ಮ ಇಂಗು; ಬೆಳ್ಳುಳ್ಳಿ ತಿನ್ನದವರಿಗೆ ಅದರ ಬದಲಿಗೆ ಇಂಗನ್ನೇ ಒಗ್ಗರಿಸಿ ಬಡಿಸುವ ನಮಗೆ ಇದು ಸ್ವಲ್ಪ ನಗು ತರಿಸುತ್ತದೆ.

ಉಡುಗೆಯ ವಿಷಯದಲ್ಲಿ, ಕೊಳ್ಳುವುದಾದರೆ ಸೆಂಗ್‌ಹ್ವಾಲ್ ಹಾನ್‌ಬೊಕ್, ಎಂದರೆ ದಿನಬಳಕೆಯ ಹಾನ್‌ಬೊಕ್ ಕೊಳ್ಳಿ. ಎದೆಯ ಮೇಲಿನ ಉದ್ದನೆಯ ಕಟ್ಟುಪಟ್ಟಿಯ ಬದಲು ಗುಂಡಿ, ಎದೆಯಿಂದ ಇಳಿಯುವ ಲಂಗದ ಬದಲು ಸೊಂಟದ ಲಂಗ, ರೇಷ್ಮೆಯ ಬದಲು ಮನೆಯಲ್ಲೇ ಒಗೆಯಬಹುದಾದ ಹತ್ತಿ: ಮುಖ್ಯವಾದ ಬದಲಾವಣೆಗಳು ಇಷ್ಟೇ. ಮೇಲಂಗಿಯ ಎಡ ಅಂಚು ಬಲದ ಮೇಲೆ ಬರಬೇಕೆಂಬುದು ಮಾತ್ರ ಬದಲಾಗಿಲ್ಲ. ಹತ್ತಿ ತುಂಬಿ ಸಾಲುಸಾಲಾಗಿ ಹೊಲಿದ ನುಬಿ ತೋಳಿಲ್ಲದ ಅಂಗಿ ಜನವರಿಯಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಉತ್ತರ ಕರ್ನಾಟಕದವರು ಆ ಹೊಲಿಗೆಯನ್ನು ನೋಡಿದೊಡನೆ ಕೌದಿ ಎನ್ನುತ್ತಾರೆ. ಬಟ್ಟೆಯ ತುಂಡುಗಳನ್ನು ಜೋಡಿಸುವ ಜೊಗಾಕ್‌ಬೊವನ್ನು ನೋಡಿಯೂ ಅದನ್ನೇ ಹೇಳುತ್ತಾರೆ. ಎರಡೂ ಸರಿಯೇ, ಏಕೆಂದರೆ ಒಂದರಲ್ಲಿ ಕೌದಿಯ ಹೊಲಿಗೆಯಿದೆ, ಇನ್ನೊಂದರಲ್ಲಿ ಕೌದಿಯ ತುಂಡುಗಳಿವೆ. ವಸ್ತುಗಳನ್ನು ಸುತ್ತಿಡಲು ಬಳಸುತ್ತಿದ್ದ ಜೊಗಾಕ್‌ಬೊ ಈಗ ಕಿಟಕಿಯ ಪರದೆಯಾಗಿದೆ.

ಕರಕುಶಲ ವಸ್ತುಗಳನ್ನು ಇನ್ಸಾದೊಂಗ್‌ನ ಬೀದಿಯಲ್ಲಿ ಆತುರದಿಂದ ಕೊಳ್ಳುವ ಮೊದಲು, 2021ರಲ್ಲಿ ಅಲ್ಲೇ ಸಮೀಪದಲ್ಲಿ ತೆರೆದ ಸೋಲ್ ಕರಕುಶಲ ಸಂಗ್ರಹಾಲಯವನ್ನು ನೋಡಿ ಕಣ್ಣು ಪಳಗಿಸಿಕೊಳ್ಳಿ. ಕಪ್ಪೆಚಿಪ್ಪಿನ ಹೊಳಪನ್ನು ಮರದ ಮೇಲೆ ಕೂರಿಸುವ ಕಸುಬು ಈಗ ಮೊಬೈಲಿನ ಹಿಡಿಕೆಗಳ ಮೇಲೂ ಬಂದಿದೆ. ಅದಕ್ಕೆ ಬಳಿಯುವ ಅರಗು, ಎಂದರೆ ಸೊನೆಯಿಂದ ಮಾಡುವ ಮೆರುಗು, ತೆಗೆಯುವ ಮರ ಮಾವು, ಗೇರುಗಳ ಕುಟುಂಬಕ್ಕೆ ಸೇರಿದ್ದು. ಮಾವಿನ ಸೊನೆಗೆ ಮೈ ಕೆರೆಯುವವರು ಹಸಿ ಅರಗಿನ ತರಬೇತಿಗೆ ಸೇರಬಾರದು, ಅದೇ ಮರದ ತೊಗಟೆ ಹಾಕಿ ಬೇಯಿಸುವ ಕೋಳಿಯನ್ನೂ ತಿನ್ನಬಾರದು.

ಕೊನೆಯದಾಗಿ, ಚಳಿಗಾಲದಲ್ಲಿ ಇಡ್ಲಿಹಿಟ್ಟು ಉಬ್ಬುವುದಿಲ್ಲವೆಂದು ಪ್ರತಿ ವರ್ಷ ಯಾರಾದರೂ ನನ್ನನ್ನು ಕೇಳುತ್ತಾರೆ. ಓಂದೋಲ್ ಎಂಬ ಬಿಸಿನೆಲದ ಅತಿ ಬೆಚ್ಚನೆಯ ಮೂಲೆಯಲ್ಲಿ ಕೊರಿಯಾದ ಅಜ್ಜಿಯರು ಬೇಯಿಸಿದ ಸೋಯಾವನ್ನು ಕಂಬಳಿ ಹೊದಿಸಿ ಹುದುಗಿಸುತ್ತಿದ್ದರು. ಇಂದು ಅದೇ ನೆಲದಡಿ ಬಿಸಿನೀರಿನ ಕೊಳವೆಗಳಿವೆ. ಪಾತ್ರೆಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ರಾತ್ರಿ ಅಲ್ಲಿಡಿ, ಕೆಳಗೊಂದು ಅಗಲವಾದ ತಟ್ಟೆಯಿರಲಿ. ಹಿಟ್ಟು ಉಕ್ಕಿದರೆ ನೆಲ ಒರೆಸುವ ಕೆಲಸ ತಪ್ಪುತ್ತದೆ.