ಹೊಸ ಹಿಮಾಲಯನ್ ಬೇಕೋ? ಮೊದಲು ಹಳೆಯದರ ಕೋನ್‌ಸೆಟ್ ನೋಡಿ

2025ರ ಓಣಂ ರಜೆ ಮುಗಿದು ಶಾಲೆ ತೆರೆದ ವಾರ. ಹಳೆಯ ವಿದ್ಯಾರ್ಥಿಯೊಬ್ಬ ರಾಯಲ್ ಎನ್‌ಫೀಲ್ಡಿನ ಹೊಸ ಬೈಕು ಹಿಮಾಲಯನ್ 450 ತಂದು ಗೇಟಿನ ಎದುರು ನಿಲ್ಲಿಸಿ, "ಮಾಷ್ಟ್ರೇ, ಒಂದು ರೌಂಡು ಹೋಗಿ ಬನ್ನಿ" ಎಂದ. ನಮ್ಮ ಕಾಸರಗೋಡು ಜಿಲ್ಲೆಯ ಸೀತಾಂಗೋಳಿವರೆಗೆ ಹೋಗಿ ಬಂದೆ. ಇಳಿದು ನನ್ನ 2019ರ ಹಳೆಯ ಹಿಮಾಲಯನ್ 411 ಹತ್ತಿದರೆ, ಮದುವೆ ಊಟ ಉಂಡು ಬಂದವನಿಗೆ ರಾತ್ರಿ ಮನೆಯ ಗಂಜಿ ಕಂಡ ಹಾಗಾಯಿತು.

ಅದೇ ಹೊತ್ತಿಗೆ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳ ಜಿಎಸ್‌ಟಿ ಶೇ. 40 ಆಗುತ್ತದೆಂಬ ಸುದ್ದಿ. ಅಲ್ಲಿವರೆಗೆ ಸೆಸ್ಸೂ ಸೇರಿ 31 ಇತ್ತು. ಶೋರೂಮಿನಿಂದ ದಿನಕ್ಕೆ ಎರಡು ಫೋನ್: 22ರ ಒಳಗೆ ತೆಗೆದುಕೊಳ್ಳಿ ಸಾರ್, ಆಮೇಲೆ ಪಶ್ಚಾತ್ತಾಪ ಪಡುತ್ತೀರಿ. ಆ ರಾತ್ರಿಯೇ ಕಂತಿನ ಲೆಕ್ಕ ಹಾಕಲು ಕೂತೆ. ಲೆಕ್ಕ ಕಲಿಸುವುದೇ ನನ್ನ ಕೆಲಸ, ಆದರೆ ಅಂದು ಹಾಕಿದ್ದರಲ್ಲಿ ಒಂದು ಬದಿಗೆ ಮಾತ್ರ ಅಂಕಿ ಇತ್ತು, ತಿಂಗಳಿಗೆ ಎಷ್ಟು ಎಂದು. ಆ ಬೈಕು ನನಗೆ ಎಲ್ಲಿ, ಎಷ್ಟು ಹೊತ್ತು ಬೇಕು ಎಂಬ ಇನ್ನೊಂದು ಬದಿ ಪೂರ್ತಿ ಖಾಲಿ. ಹಾಗಾಗಿ 22 ದಾಟಲು ಬಿಟ್ಟೆ. ಕಾದದ್ದಕ್ಕೆ ಬೆಲೆ ಇಪ್ಪತ್ತು ಸಾವಿರದ ಮೇಲೆ ಏರಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾದ ಆ ತಿಂಗಳುಗಳಲ್ಲಿ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓಡುವ ಹಳೆಯ ಬೈಕು ಅಂಗಳದಲ್ಲಿದ್ದೂ ಹೊಸದರ ಚಿತ್ರ ನೋಡುತ್ತಾ ನಿದ್ದೆಗೆಡುವವರಿಗೆ ಉಪಯೋಗವಾದೀತು.

ಮೊದಲ ಕೆಲಸ, ಕಳೆದ ಒಂದು ವರ್ಷದ ನಿಮ್ಮ ಓಡಾಟವನ್ನು ಕಾಗದದ ಮೇಲೆ ಇಳಿಸಿ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಓಡೋಮೀಟರ್ ಬರೆದಿಡುವ ಚಟ ನನಗುಂಟು. ಅದಿಲ್ಲದವರು ಫೋನಿನ ಫೋಟೋಗಳನ್ನೂ ಪೆಟ್ರೋಲಿಗೆ ಕೊಟ್ಟ ದುಡ್ಡಿನ ಮೆಸೇಜುಗಳನ್ನೂ ನೋಡಿದರೆ ಮುಕ್ಕಾಲು ಪಾಲು ನೆನಪಾಗುತ್ತದೆ. ನನ್ನದು ಒಟ್ಟು 12,300 ಕಿ.ಮೀ. ಅದರಲ್ಲಿ ಪೆರ್ಲದ ಹತ್ತಿರದ ಮನೆಯಿಂದ ಶಾಲೆಗೆ ಹೋಗಿ ಬಂದದ್ದೇ 7,900. ತೋಟದ ಕೆಲಸ, ಬದಿಯಡ್ಕ ಪೇಟೆ, ಮದುವೆ, ಯಕ್ಷಗಾನದ ಆಟ ಎಂದು 1,900. ನಾನು ಬಾಯಿತುಂಬಾ 'ಟೂರಿಂಗ್' ಎನ್ನುವುದು ಬರೀ 2,500! ಅದರಲ್ಲೂ ಕರಿಕೆ–ಭಾಗಮಂಡಲದ ಕಾಡುದಾರಿ, ಸಂಪಾಜೆ ಘಟ್ಟ, ಆಗುಂಬೆ ಇಂಥದ್ದೆಲ್ಲ ತೆಗೆದರೆ ಹೆದ್ದಾರಿಯಲ್ಲಿ ನೇರ ಓಡಿಸಿದ್ದು ಗೋಕರ್ಣಕ್ಕೆ ಹೋದದ್ದೂ ಸೇರಿ 900 ಕಿ.ಮೀ. ಹೊಸ ಬೈಕಿನ ನಲವತ್ತು ಕುದುರೆಗಳು ಪೂರ್ತಿ ಕೆಲಸ ಮಾಡುವ ಜಾಗ ಅದೊಂದೇ. ಈ ಕಾಗದ ನೋಡಿದಾಗ ನನಗೆ ಸ್ವಲ್ಪ ನಾಚಿಕೆಯೇ ಆಯಿತು.

ಎರಡನೆಯದು ಯಾರೂ ಮಾಡುವುದಿಲ್ಲ. ಹಳೆಯದನ್ನು ಮೊದಲು ರಿಪೇರಿ ಮಾಡಿ, ಆಮೇಲೆ ಹೋಲಿಸಿ. ನಾವು ಹೋಲಿಸುವುದು ಯಾವಾಗಲೂ ಶೋರೂಮಿನಿಂದ ನಿನ್ನೆ ಹೊರಬಂದ ಬೈಕನ್ನು, ಆರು ಮಳೆಗಾಲ ತಿಂದ ಬೈಕಿನ ಜೊತೆ. ನಮ್ಮ ಜಿಲ್ಲೆಯ ಮಳೆಯೆಂದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ, ಅದರ ಮೇಲೆ ಕೆಂಪು ಮಣ್ಣಿನ ಕೆಸರು. ನನ್ನ 411 ನಿಧಾನ ಹೋಗುವಾಗ ಹ್ಯಾಂಡಲ್ ನಡುವಿನಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ಬೈಕಿಗೆ ವಯಸ್ಸಾಯಿತು ಎಂದುಕೊಂಡಿದ್ದೆ. ಮೆಕ್ಯಾನಿಕ್ ಇಕ್ಕ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಆಚೀಚೆ ತಿರುಗಿಸಿ, "ಮಾಷೇ, ಇದು ವಯಸ್ಸಲ್ಲ, ಕೋನ್‌ಸೆಟ್" ಎಂದರು. ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್ ಅದು. ಗದ್ದೆಬದಿಯಿಂದ ಬಂದಾಗಲೆಲ್ಲ ಪ್ರೆಷರ್ ನೀರು ಬಿಟ್ಟು ಗ್ರೀಸ್ ತೊಳೆದು ಹಾಕಿದವನು ನಾನೇ. ಚೈನಿನ ಕಥೆಯೂ ಅಷ್ಟೆ, ಎಣ್ಣೆ ಕಾಣದೆ ಸ್ಪ್ರಾಕೆಟ್ಟಿನ ಹಲ್ಲುಗಳು ಗರಗಸದ ಹಲ್ಲುಗಳ ಹಾಗೆ ಬಾಗಿದ್ದವು.

ಖರ್ಚು ಹೀಗಾಯಿತು: ಎರಡು ಟಯರ್ 7,500, ಚೈನ್‌ಸ್ಪ್ರಾಕೆಟ್ 4,000, ಕೋನ್‌ಸೆಟ್ 1,500, ಫೋರ್ಕಿನ ಎಣ್ಣೆ, ಸೀಲು 1,500, ಬ್ರೇಕ್ ಪ್ಯಾಡ್ 1,200, ಕೂಲಿ 1,700. ಒಟ್ಟು 17,400. ಮರುದಿನ ಬೆಳಿಗ್ಗೆ ಅಂಗಳದಿಂದ ಹೊರಟಾಗ, ಸೀತಾಂಗೋಳಿ ರೌಂಡಿನಲ್ಲಿ ನಾನು ಮೆಚ್ಚಿದ್ದರ ಅರ್ಧ ಪಾಲು ನನ್ನ ಬೈಕಿನಲ್ಲೇ ಇತ್ತು. ಆ ಬೈಕನ್ನು ಮಾರುವುದಾದರೂ ಈ ಹಣ ದಂಡವಲ್ಲ. ಚೈನು ಕಿರುಗುಡುವ ಬೈಕಿಗೆ ಬರುವ ಗಿರಾಕಿ ಬಾಯಿಗೆ ಬಂದ ರೇಟು ಹೇಳುತ್ತಾನೆ.

ಉಳಿದ ಅರ್ಧ ಏನು? ಇಲ್ಲಿ ಸ್ವಲ್ಪ ಎಂಜಿನ್ ಒಳಗೆ ಇಳಿಯಬೇಕು. 2016ರಲ್ಲಿ ಬಂದ 411ರ ಸಿಲಿಂಡರ್ ಅಗಲ 78 ಮಿ.ಮೀ., ಪಿಸ್ಟನ್ನಿನ ಓಟ 86. 2023ರ ಕೊನೆಗೆ ಬಂದ 450ಯಲ್ಲಿ ಅಗಲ 84, ಓಟ 81.5. ಓಟ ಉದ್ದವಿದ್ದ ಎಂಜಿನ್ ಎತ್ತಿನ ಹಾಗೆ, ನಿಧಾನ ತಿರುಗುತ್ತಾ ಎಳೆಯುತ್ತದೆ. ಅಗಲ ಹೆಚ್ಚಿದ್ದರೆ ತಿರುಗಿಸಿದಷ್ಟೂ ಬಲ. ಹಳೆಯದು 32 ನ್ಯೂಟನ್ ಮೀಟರ್ ಎಳೆತವನ್ನು ನಿಮಿಷಕ್ಕೆ ನಾಲ್ಕು ಸಾವಿರ ಚಿಲ್ಲರೆ ಸುತ್ತಿನಲ್ಲೇ ಕೊಡುತ್ತದೆ. ಹೊಸದು ಕೊಡುವುದು 40, ಆದರೆ 5,500ಕ್ಕೆ ಹೋಗಬೇಕು. 40 ಪಿಎಸ್ ಶಕ್ತಿ ಪೂರ್ತಿ ಸಿಗಬೇಕಾದರೆ 8,000. ಇದು ಗುಣವೋ ದೋಷವೋ ಎಂಬುದು ದಾರಿಯ ಮೇಲೆ ನಿಂತಿದೆ. ನಮ್ಮ ಮನೆಗೆ ಇಳಿಯುವ ದಾರಿ ಮುರಕಲ್ಲು ಕಡಿದು ಮಾಡಿದ ಚಡವು, ಅಂದರೆ ಕಡಿದಾದ ಏರು, ಜುಲೈಯಲ್ಲಿ ಪಾಚಿ. ಅಲ್ಲಿ ಹಿಂದೆ ಗೊಬ್ಬರದ ಗೋಣಿ ಕಟ್ಟಿಕೊಂಡು 411ರಲ್ಲಿ ದಡದಡ ಎಂದು ಅರ್ಧ ಕ್ಲಚ್ ಇಲ್ಲದೆ ಹತ್ತುತ್ತೇನೆ. 450ಯಲ್ಲಿ ಅದೇ ಚಡವಿಗೆ ಸುತ್ತು ಏರಿಸಿಯೇ ಹೋಗಬೇಕಾಯಿತು. ತದ್ವಿರುದ್ಧವಾಗಿ, 411 ತೊಂಬತ್ತು ದಾಟಿದರೆ ಹ್ಯಾಂಡಲಿನಲ್ಲಿ ಜುಮ್ಮೆನ್ನುತ್ತದೆ, ಆರು ಗೇರಿನ 450 ನೂರಹತ್ತರಲ್ಲಿಯೂ ಮುಂದಿನ ಲಾರಿ ದಾಟಲು ಉಸಿರು ಉಳಿಸಿಕೊಂಡಿರುತ್ತದೆ.

ಹಾಗಾಗಿ ಟೆಸ್ಟ್ ರೈಡ್ ನಿಮ್ಮ ಚಡವಿನಲ್ಲೇ ಆಗಬೇಕು. ಶೋರೂಮಿನವರು ಕೊಡುವುದು ಹೆದ್ದಾರಿಯ ಸರ್ವಿಸ್ ರೋಡಿನಲ್ಲಿ ಐದು ನಿಮಿಷ, ಒಬ್ಬರೇ, ಚೀಲವಿಲ್ಲದೆ. ಆ ಐದು ನಿಮಿಷದಲ್ಲಿ ಎಲ್ಲ ಬೈಕೂ ಚಂದವೇ. ಪರಿಚಯದವರ ಬೈಕು ಅರ್ಧ ದಿನಕ್ಕೆ ಕೇಳಿ, ಹಿಂದೆ ಕೂರುವವರನ್ನು ಕೂರಿಸಿ, ಪ್ರಯಾಣದ ಚೀಲ ಕಟ್ಟಿ. ಇಳಿಜಾರಿನಲ್ಲಿ ನಿಲ್ಲಿಸಿ ಸ್ಟ್ಯಾಂಡಿನಿಂದ ಎತ್ತಿ ನೋಡಿ. ಇಬ್ಬರೂ ಕೂತಿರುವಾಗ ಇಕ್ಕಟ್ಟಿನ ದಾರಿಯಲ್ಲಿ ಪೂರ್ತಿ ತಿರುಗಿಸಿ ನೋಡಿ. ಕತ್ತಲೆಯಾದ ಮೇಲೆ ಹತ್ತು ಕಿ.ಮೀ. ಹೋಗಿ, ಎಲ್‌ಇಡಿ ದೀಪದ ಲಾಭ ಹಗಲಿನಲ್ಲಿ ಗೊತ್ತಾಗುವುದಿಲ್ಲ. ನಡುಬೇಸಿಗೆಯಲ್ಲಿ ಪೇಟೆಯ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ತೆವಳಿದರೆ ರೇಡಿಯೇಟರಿನ ಫ್ಯಾನು ಮೊಣಕಾಲಿಗೆ ಏನು ಮಾಡುತ್ತದೆಂದೂ ತಿಳಿಯುತ್ತದೆ. ನನ್ನ ಎತ್ತರ ಐದಡಿ ಐದಿಂಚು. 411ರ ಸೀಟು 800 ಮಿ.ಮೀ., ಎರಡು ಕಾಲೂ ನೆಲಕ್ಕೆ ಸಿಗುತ್ತದೆ. 450ಯದ್ದು 825. ಇಪ್ಪತ್ತೈದು ಮಿಲಿಮೀಟರ್ ಎಂದರೆ ಒಂದಿಂಚು ತಾನೇ ಎಂದು ನಗಬೇಡಿ, ಪಾಚಿಯ ಮೇಲೆ ಆ ಒಂದಿಂಚಿಗೆ ಬೇರೆಯೇ ಬೆಲೆ. ಹಿಂದೆ ಕೂತ ನನ್ನ ಹೆಂಡತಿಯ ತೀರ್ಪು: "ಹತ್ತಲು ಏಣಿ ಬೇಕು, ಕೂತ ಮೇಲೆ ಮಾತ್ರ ಸುಖ."

ಮೂರನೆಯದು ರಿಪೇರಿಯ ದೂರ. 411ರಲ್ಲಿ ವಾಲ್ವಿನ ಅಂತರ ಹೊಂದಿಸುವ ಟಪ್ಪೆಟ್ ಸ್ಕ್ರೂ–ನಟ್ಟಿನದ್ದು. ಫೀಲರ್ ಗೇಜ್ ಹಿಡಿದು ಇಕ್ಕ ಚಾ ತಣಿಯುವ ಮೊದಲು ಸರಿಮಾಡುತ್ತಾರೆ. 450ಯ ತಲೆಯಲ್ಲಿ ಎರಡು ಕ್ಯಾಮ್, ನಾಲ್ಕು ವಾಲ್ವ್, ಅಂತರ ಸರಿಮಾಡುವುದು ತೆಳು ಬಿಲ್ಲೆ ಬದಲಾಯಿಸಿ. ಕೂಲೆಂಟ್, ಕೇಬಲ್ ಇಲ್ಲದೆ ವಿದ್ಯುತ್ ವಯರಿನಲ್ಲಿ ಓಡುವ ಥ್ರಾಟಲ್, ಫೋನಿನಿಂದ ಗೂಗಲ್ ಮ್ಯಾಪ್ ತೋರಿಸುವ ಪರದೆ ಬೇರೆ. ಅಂದರೆ ಸರ್ವಿಸ್ ಸೆಂಟರ್ ನಿಮ್ಮ ಮನೆಯಿಂದ ಎಷ್ಟು ದೂರ, ಒಂದು ದಿನದ ರಜೆ ಹೋಗುತ್ತದೋ ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಿರಿ. ಮೈಲೇಜಿನ ಚರ್ಚೆ ಬಿಡಿ, ಲೀಟರಿಗೆ ಒಂದೆರಡು ಕಿ.ಮೀ. ವ್ಯತ್ಯಾಸದಿಂದ ಯಾರೂ ಮನೆ ಕಟ್ಟಲಿಲ್ಲ. ಗಡಿಯಾಚೆ ಕರ್ನಾಟಕದ ಪಂಪಿನಲ್ಲಿ ತುಂಬಿಸಿದರೆ ನಮಗೆ ಹೆಚ್ಚುಕಡಿಮೆ ಅಷ್ಟು ಉಳಿಯುತ್ತದೆ.

ಹಣದ ವಿಷಯ. ಷೋರೂಮ್ ಬೆಲೆ ಈಗ ಮೂರು ಲಕ್ಷ ದಾಟಿದೆ. ಕೇರಳದಲ್ಲಿ ಬೈಕಿನ ಬೆಲೆ ಏರಿದ ಹಾಗೆ ಒಮ್ಮೆಲೇ ಕಟ್ಟುವ ರಸ್ತೆ ತೆರಿಗೆಯ ದರವೂ ಮೆಟ್ಟಿಲು ಹತ್ತುತ್ತದೆ. 350 ಸಿಸಿ ಮೀರಿದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು, 2022ರಲ್ಲಿ ನಿಗದಿಯಾದ ದರದಲ್ಲಿ ಅದೊಂದೇ 15,117 ರೂಪಾಯಿ. ಎಲ್ಲ ಸೇರಿಸಿದಾಗ ನನ್ನ ಕಾಗದದಲ್ಲಿ ಅಂಕಿ ನಾಲ್ಕು ಲಕ್ಷದ ಬದಿಗೆ ಬಂದು ನಿಂತಿತು. ಇಲ್ಲಿ ಗಡಿಯವರಿಗೆ ಒಂದು ಆಸೆ ಹುಟ್ಟುತ್ತದೆ: ಪುತ್ತೂರಿನ ನೆಂಟರ ವಿಳಾಸದಲ್ಲಿ ಕರ್ನಾಟಕದ ಕೆಎ 21 ನೋಂದಣಿ ಹಾಕಿಸುವುದು. ಹಾಗೆ ತಂದ ಬೈಕನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಕಾಸರಗೋಡಿನ ಕೆಎಲ್ 14ಕ್ಕೆ ಬದಲಾಯಿಸಲೇಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಆಗ ಇಲ್ಲಿಯ ತೆರಿಗೆ ಕಟ್ಟಿ, ಅಲ್ಲಿಯದ್ದನ್ನು ವಾಪಸು ಪಡೆಯಲು ಅಲೆಯಬೇಕು. ಹಳೆಯ ಬೈಕನ್ನು ಆಚೆಯವರಿಗೆ ಮಾರುವುದಾದರೂ ಹೆಸರು ವರ್ಗಾವಣೆಯ 29, 30ನೇ ನಮೂನೆಗಳ ಜೊತೆ ಎನ್‌ಒಸಿಯ (ಆಕ್ಷೇಪಣೆ ಇಲ್ಲವೆಂಬ ಪತ್ರದ) 28 ಬೇಕು. ಹೆಸರು ಬದಲಾಗದೆ ಕೀಲಿ ಕೊಡಬೇಡಿ.

ಇನ್ನೊಂದು. ಪೂರ್ತಿ ಹೊಸ ವಿನ್ಯಾಸ ಬಂದರೆ ಮೊದಲ ವರ್ಷ ಬೇರೆಯವರು ಓಡಿಸಲಿ. 450 ಬಂದಾಗ ನಮ್ಮಲ್ಲಿ ಟ್ಯೂಬಿನ ಚಕ್ರಗಳೇ ಇದ್ದವು. ಟ್ಯೂಬ್‌ಲೆಸ್ ಕಡ್ಡಿಚಕ್ರ ಸಿಕ್ಕಿದ್ದು 2024ರ ಕೊನೆಯ ಹೊತ್ತಿಗೆ. ಕರಿಕೆಯ ಕಾಡಿನಲ್ಲಿ ಮಳೆ ಹೊಡೆಯುತ್ತಿದ್ದಾಗ ಹಿಂದಿನ ಚಕ್ರ ಬಿಚ್ಚಿ, ಕಾಲಿಗೆ ಇಂಬಳ ಹತ್ತಿಸಿಕೊಂಡು ಟ್ಯೂಬಿಗೆ ತೇಪೆ ಹಾಕಿದವನು ನಾನು. ಟ್ಯೂಬ್‌ಲೆಸ್ ಚಕ್ರದ ಆಸೆ ನನಗೆ ಅರ್ಥವಾಗುತ್ತದೆ. ನಿಜ ಹೇಳಬೇಕೆಂದರೆ ಹೊಸದರಲ್ಲಿ ನನ್ನನ್ನು ಇಂದಿಗೂ ಕಾಡುವುದು ಎಂಜಿನ್ ಅಲ್ಲ, ಆ ಚಕ್ರ.

ಇದೇ ಕಾಗದವನ್ನು ನನ್ನ ತಂಗಿಯ ಮಗನಿಗೂ ಬರೆಸಿದೆ. ಅವನಿಗೆ ಬೆಂಗಳೂರಿನಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಶಿರಾಡಿ ಇಳಿದು ಊರಿಗೆ ಬರುತ್ತಾನೆ, ಹೋಗಿ ಬಂದರೆ 700 ಕಿ.ಮೀ.ಗಿಂತ ಕಡಿಮೆಯಿಲ್ಲ. ವರ್ಷದ ಹತ್ತೊಂಬತ್ತು ಸಾವಿರದಲ್ಲಿ ಹದಿನೇಳು ಸಾವಿರ ಆ ದಾರಿಯದ್ದೇ. ಆಳು ಆರಡಿ. ಸರ್ವಿಸ್ ಸೆಂಟರ್ ಬಾಡಿಗೆ ಮನೆಯಿಂದ ನಡೆದು ಹೋಗುವ ದೂರ. ಇದ್ದದ್ದು 350ರ ಹಳೆಯ ಬೈಕು, ಹಾಸನ ದಾಟುವಷ್ಟರಲ್ಲಿ ಸೊಂಟ ಹಿಡಿಯುತ್ತಿತ್ತು. ಅವನ ಕಾಗದ ಓದಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ, ತೆಗೆದುಕೋ ಎಂದೆ. ಟ್ಯೂಬ್‌ಲೆಸ್ ಚಕ್ರದ್ದನ್ನೇ ತೆಗೆದುಕೊಂಡ. ನಮ್ಮ ಚಡವಿನಲ್ಲಿ ನಾನೂ ಹೆಂಡತಿಯೂ ಓಡಿಸಿ ನೋಡಿದ್ದು ಅವನದ್ದನ್ನೇ.

ನನ್ನ ಕಾಗದದ ಕೆಳಗೆ ಮೂರು ಗೆರೆ ಬರೆದಿದ್ದೇನೆ. ವರ್ಷಕ್ಕೆ ಹೆದ್ದಾರಿಯ ಓಟ ನಾಲ್ಕು ಸಾವಿರ ದಾಟಿದರೆ, ಅಥವಾ ಇಕ್ಕ ಎಂಜಿನ್ ಬಿಚ್ಚಬೇಕು ಎಂದರೆ, ಅಥವಾ ಹೆಂಡತಿ ತಾನಾಗಿ "ದೂರ ಹೋಗುವ" ಎಂದರೆ ಮತ್ತೆ ಲೆಕ್ಕ ಹಾಕುವುದು. ಮೂರನೆಯದು ಮೊನ್ನೆ ಆಯಿತು. ಡಿಸೆಂಬರ್ ರಜೆಯಲ್ಲಿ ಬಾದಾಮಿ, ಹಂಪಿ, ಎಂಟು ದಿನ. ಎಂಟು ದಿನಕ್ಕೆ ನಾಲ್ಕು ಲಕ್ಷ ಹೊಂದುವುದಿಲ್ಲವೆಂದು ಅಳಿಯನಿಗೆ ಫೋನ್ ಮಾಡಿದೆ. ನನ್ನ 411 ಅವನಿಗೆ, ಅವನ 450 ನನಗೆ. ಒಪ್ಪಿದ, ಒಂದು ಷರತ್ತು ಹಾಕಿದ: "ಮಾವ, ಟ್ಯಾಂಕ್ ಫುಲ್ ಮಾಡಿ ಕೊಡಬೇಕು."

ಹದಿನೇಳು ಲೀಟರ್. ಗಡಿಯಾಚೆಯ ಪಂಪಿನಲ್ಲೇ ತುಂಬಿಸುತ್ತೇನೆ.