ನೆಟ್ ಇಲ್ಲದ ಬ್ಲಾಗ್: ನಾಲ್ಕು-ಐದನೇ ತರಗತಿಯಲ್ಲಿ ನನ್ನ ಅನುಭವ

"ನೆಟ್ಟೇ ಇಲ್ಲದ ಶಾಲೆಯಲ್ಲಿ ಬ್ಲಾಗ್ ಎಂಥದ್ದು ಮಾರಾಯ್ರೆ?" ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಹೀಗೆ ಕೇಳಿ ನಕ್ಕವರೇ ಈಗ ನಮ್ಮ ಎಸ್‌ಡಿ ಕಾರ್ಡಿನ (ಬ್ಲಾಗ್ ಪೂರ್ತಿ ಇರುವ ಮೆಮೊರಿ ಕಾರ್ಡ್) ಕಾಪಿ ಕೇಳುತ್ತಿದ್ದಾರೆ. ಕೊಡುತ್ತೇನೆ, ಆದರೆ ಮೊದಲು ಇದನ್ನು ಓದಲಿ. ವರ್ಡ್‌ಪ್ರೆಸ್ (ಬ್ಲಾಗ್ ನಡೆಸುವ ತಂತ್ರಾಂಶ) ಹಾಕುವುದು, ಹಾಟ್‌ಸ್ಪಾಟ್ ಮಾಡುವುದು ನಿಮಗೆಲ್ಲ ಗೊತ್ತಿರುವುದೇ. ಎಲ್ಲಿ ಕೆಟ್ಟಿತು, ಎಲ್ಲಿ ದುಡ್ಡು ಹೋಯಿತು ಎನ್ನುವುದನ್ನಷ್ಟೇ ಬರೆಯುತ್ತೇನೆ.

ಮೊದಲ ವರ್ಷ ಮಾಡಿದ್ದು ಎಲ್ಲರೂ ಮಾಡುವ ಆನ್‌ಲೈನ್ ಬ್ಲಾಗ್. 13 ತುಂಬದ ಮಕ್ಕಳು ಸ್ವಂತವಾಗಿ ಗೂಗಲ್ ಖಾತೆ ತೆರೆಯುವ ಹಾಗಿಲ್ಲ. ಹಾಗಾಗಿ ಟೈಪ್ ಮಾಡಿದ್ದೂ ನಾನೇ, ತಿದ್ದಿದ್ದೂ ನಾನೇ, ಫೋಟೊದಲ್ಲಿ ಮಕ್ಕಳ ಮುಖ ಮಸುಕು ಮಾಡಿದ್ದೂ ನಾನೇ. ನಮ್ಮ ಶಾಲೆ ಇರುವ ಮಲ್ಪೆ ಕಡೆ ಜೂನ್-ಜುಲೈಯಲ್ಲಿ ಸಿಗ್ನಲ್ ಗಾಳಿಗೆ ಓಲಾಡುತ್ತದೆ. ಅರ್ಧ ವರ್ಷಕ್ಕೆ 11 ಪೋಸ್ಟ್ ಆಯಿತು, ಹನ್ನೊಂದೂ ಮೇಷ್ಟ್ರ ಕನ್ನಡ. ಅದನ್ನು ಮುಚ್ಚಿದೆ.

ಎರಡನೇ ವರ್ಷ 2 ಜಿಬಿಯ ರಾಸ್ಪ್‌ಬೆರಿ ಪೈ 4 (ಅಂಗೈಯಷ್ಟೇ ದೊಡ್ಡ ಕಂಪ್ಯೂಟರ್) ತಂದು ಅದರ ಮೇಲೇ ವರ್ಡ್‌ಪ್ರೆಸ್ ಕೂರಿಸಿದೆ. ಬ್ಲಾಗ್ ತರಗತಿಯ ನಾಲ್ಕು ಗೋಡೆಯೊಳಗೆ ಮಾತ್ರ. ಹಳೆ ವಿದ್ಯಾರ್ಥಿಗಳು ಕೊಟ್ಟ 10 ಹಳೇ ಫೋನ್‌ಗಳಿಗೆ ಬಂಗುಡೆ, ಬೂತಾಯಿ, ಅಂಜಲ್, ಕಾಣೆ ಎಂದು ಹೆಸರಿಟ್ಟೆವು. ಒಂದು ಮೀನಿಗೆ ಒಂದು ಖಾತೆ, ಮೂವರು ಮಕ್ಕಳು. ಪೈಯ ಸ್ವಂತ ವೈಫೈಗೆ ಎಂಟೊಂಬತ್ತು ಫೋನ್ ಕೂಡಿದ ಮೇಲೆ ಹತ್ತನೆಯದು ಸುತ್ತುತ್ತಲೇ ಇರುತ್ತದೆ. ಸೆಟ್ಟಿಂಗ್ ಕೆದಕುತ್ತಾ ಎರಡು ಶನಿವಾರ ಹಾಳು ಮಾಡಬೇಡಿ, ಒಂದು ಸಾದಾ ರೂಟರ್ ತಂದು ಪೈಯನ್ನು ಕೇಬಲ್‌ನಲ್ಲಿ ಸಿಕ್ಕಿಸಿ. ಪೈಯ ಐಪಿ ಅಡ್ರೆಸ್ಸನ್ನು (ಫೋನ್‌ಗಳು ಅದನ್ನು ಹುಡುಕುವ ನಂಬರ್) ರೂಟರಿನಲ್ಲೇ ಕಾಯಂ ಮಾಡಿಡಿ. ವರ್ಡ್‌ಪ್ರೆಸ್ ತನ್ನ ವಿಳಾಸವನ್ನು ಡೇಟಾಬೇಸಿನೊಳಗೆ ಬರೆದಿಟ್ಟುಕೊಂಡಿರುತ್ತದೆ. ಐಪಿ ಬದಲಾದರೆ ಪುಟದ ಬಣ್ಣ, ಚಿತ್ರ ಎಲ್ಲ ಕಳಚಿ ಬರೀ ಅಕ್ಷರ ಉಳಿಯುತ್ತದೆ. ಕಾರ್ಡ್ ಹೋಯಿತೆಂದು ಎಣಿಸಿ ನಾನು ಒಮ್ಮೆ ಎಲ್ಲ ಅಳಿಸಿ ಹೊಸದಾಗಿ ಹಾಕಿದ್ದೇನೆ. ಕಾರ್ಡಿಗೆ ಏನೂ ಆಗಿರಲಿಲ್ಲ.

ಇನ್ನೆರಡು ಸಣ್ಣ ಕಿರಿಕಿರಿ. ಗೂಗಲ್‌ನಿಂದ ಫಾಂಟ್ ಎಳೆಯುವ ಥೀಮ್ (ಪುಟದ ಅಲಂಕಾರ) ಹಾಕಿದರೆ ಪುಟ ಇಲ್ಲದ ನೆಟ್ಟಿಗೆ ಕಾಯುತ್ತಾ ಕೂರುತ್ತದೆ. ಕಮೆಂಟಿನ ಪಕ್ಕದ ಅವತಾರ್ ಚಿತ್ರವೂ ಹೊರಗಿನಿಂದಲೇ ಬರಬೇಕು. ಎರಡನ್ನೂ ತೆಗೆದ ಮೇಲೆ 20 ಸೆಕೆಂಡಿನ ಪುಟ ಎರಡು ಸೆಕೆಂಡಿಗೆ ಬಂತು.

ನಿಜವಾದ ಶತ್ರು ಕರೆಂಟ್. ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಸಲ ಹೋಗಿ ಬರುವ ಕರೆಂಟಿಗೆ ಎರಡು ಕಾರ್ಡ್ ಸತ್ತವು, ಒಂದರಲ್ಲಿ ಜುಲೈಯ ಪೋಸ್ಟ್ ಪೂರ್ತಿ ಹೋಯಿತು. ಪವರ್‌ಬ್ಯಾಂಕ್ ನಂಬಿದೆ. ಅದು ಚಾರ್ಜಿನಿಂದ ಬ್ಯಾಟರಿಗೆ ಬದಲಾಗುವ ಅರೆಗಳಿಗೆಯಲ್ಲಿ ಪೈಯನ್ನು ಕೈಬಿಡುತ್ತದೆ. ರೂಟರಿಗೆ ಬರುವ 12 ವೋಲ್ಟಿನ ಮಿನಿ ಯುಪಿಎಸ್ ತಂದೆ. ಅದರ ಯುಎಸ್‌ಬಿ ಕಿಂಡಿಯಿಂದ ಪೈಗೆ ಕೊಟ್ಟರೆ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು, ಅಂದರೆ ವೋಲ್ಟೇಜ್ ಸಾಲುತ್ತಿಲ್ಲ. 12ರಿಂದ 5 ವೋಲ್ಟಿಗೆ ಇಳಿಸುವ 3 ಆಂಪಿಯರ್ ಕನ್ವರ್ಟರ್ ನಡುವೆ ಹಾಕಿದ ಮೇಲೆ ಸರಿಹೋಯಿತು. ಅದಕ್ಕೆ ಆಗ 250 ರೂಪಾಯಿ ಕೊಟ್ಟ ನೆನಪು. ಅಲ್ಲಿಂದೀಚೆ ಒಂದು ಕಾರ್ಡೂ ಹೋಗಿಲ್ಲ. ಆದರೂ ಪ್ರತಿ ಶುಕ್ರವಾರ ಡೇಟಾಬೇಸ್ ಮತ್ತು ಚಿತ್ರಗಳ ಫೋಲ್ಡರ್ ಪೆನ್‌ಡ್ರೈವಿಗೆ ಹೋಗಲೇಬೇಕು.

ಪೈ 4ರೊಳಗೆ ಗಡಿಯಾರದ ಬ್ಯಾಟರಿ ಇಲ್ಲ. ನೆಟ್ ಇದ್ದರೆ ಸಮಯ ತಾನೇ ಸರಿಮಾಡಿಕೊಳ್ಳುತ್ತದೆ. ನಮ್ಮಲ್ಲಿ ಕರೆಂಟ್ ಹೋಗಿ ಬಂದಾಗೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ಹೊಸ ಪೋಸ್ಟ್ ಹಳೆಯದರ ಕೆಳಗೆ ಹೋಗಿ ಕೂರುತ್ತಿತ್ತು. ನಿನ್ನೆಯದು ಮೇಲೆ, ಇವತ್ತಿನದು ಕೆಳಗೆ. "ನಂದು ಅಳಿಸಿ ಹೋಯ್ತು ಸರ್" ಎಂಬ ದೂರಿಗೆ ಮೂರು ವಾರ ಕಾರಣವೇ ಗೊತ್ತಾಗಲಿಲ್ಲ. ಡಿಎಸ್3231 ಗಡಿಯಾರದ ಮಾಡ್ಯೂಲ್ ನನಗೆ 200 ರೂಪಾಯಿಗೆ ಸಿಕ್ಕಿತು, ಮೊದಲೇ ಹಾಕಿಸಿಕೊಳ್ಳಿ.

ಫೋನ್‌ಗಳಲ್ಲಿ ನಾಲ್ಕರ ಬ್ಯಾಟರಿ ಉಬ್ಬಿ ಬಂದಿತ್ತು. ಹಿಂಬದಿ ಮುಚ್ಚಳ ಎದ್ದದ್ದು ಕಂಡ ದಿನವೇ ಬದಿಗಿಡಿ, ಒತ್ತಿ ಮುಚ್ಚಲು ಹೋಗಬೇಡಿ. ಬೇಸಿಗೆ ರಜೆಗೆ ಹೋಗುವಾಗ ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇವೆ. ರೂಟರಿನ ಬಿಸಿಗೆ ಇರುವೆ ಗೂಡು ಕಟ್ಟಿತ್ತು, ಈಗ ಅದು ಗೋಡೆಯಿಂದ ಇಳಿದು ನೀರಿನ ತಟ್ಟೆಯ ನಡುವಿನ ಡಬ್ಬಿಯ ಮೇಲೆ ಕೂತಿದೆ. ನೋಡಲು ಚಂದವಿಲ್ಲ. ಮೇ ಮತ್ತು ಅಕ್ಟೋಬರಿನ ಗುಡುಗಿಗೆ ಪ್ಲಗ್ ಕಿತ್ತಿಡುವುದಷ್ಟೇ ದಾರಿ.

ಇನ್ನು ಟೈಪಿಂಗ್. ಫೋನಿನಲ್ಲಿ ಪದದ ಸಲಹೆ ಪಟ್ಟಿಯನ್ನು ಮೊದಲ ದಿನವೇ ಆಫ್ ಮಾಡಿ, ಇಲ್ಲವಾದರೆ ಮಕ್ಕಳು ಮೊದಲು ಕಂಡದ್ದನ್ನು ಒತ್ತುತ್ತಾರೆ. ಎರಡು ಹಳೇ ಡೆಸ್ಕ್‌ಟಾಪಿನಲ್ಲಿ ಲಿನಕ್ಸ್ ಹಾಕಿ ಕನ್ನಡ ಗಣಕ ಪರಿಷತ್ತಿನ (ಕೆಜಿಪಿ) ಕೀಲಿಮಣೆ ವಿನ್ಯಾಸ ಕೊಟ್ಟೆ. ಅದರ ಮೂಲ ನಮ್ಮದೇ ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸ. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಕೀಲಿ ಒತ್ತಿದರೆ 'ಕನ್ನಡ'. ಒತ್ತು ಬೇಕಾದಲ್ಲಿ ನಡುವೆ ಎಫ್ ಎನ್ನುವುದು ಮಕ್ಕಳಿಗೆ ಒಂದೇ ದಿನದಲ್ಲಿ ಹತ್ತಿತು. ಇದರಲ್ಲಿ ನಾನು ಎಣಿಸದ ಲಾಭವೊಂದಿದೆ. ಬ-ಭ, ದ-ಧ ಜೋಡಿಗೆ ಕೀಲಿ ಒಂದೇ, ಮಹಾಪ್ರಾಣಕ್ಕೆ ಶಿಫ್ಟ್. ಮನೆಯಲ್ಲಿ ತುಳು ಆಡುವ ಮಕ್ಕಳು ಪುಸ್ತಕದಲ್ಲಿ 'ಬೂಮಿ' ಎಂದು ಬರೆದು ಮುಂದೆ ಹೋಗುತ್ತಾರೆ. ಇಲ್ಲಿ ಶಿಫ್ಟ್ ಒತ್ತಬೇಕೋ ಬೇಡವೋ ಎಂದು ಬೆರಳು ನಿಲ್ಲುತ್ತದೆ, ಪಕ್ಕದವರನ್ನು ಕೇಳುತ್ತದೆ. ಮೊದಲ ತಿಂಗಳು 20 ನಿಮಿಷಕ್ಕೆ 25-30 ಪದ, ಡಿಸೆಂಬರಿಗೆ 60 ದಾಟಿತ್ತು. 'ರ‍್ಯಾಂಕ್' ಬರೆಯುವ ಉಪಾಯ ಮಾತ್ರ ಇಡೀ ತರಗತಿಯಲ್ಲಿ ಒಬ್ಬಳಿಗೇ ಗೊತ್ತು, ಅವಳು ಅದಕ್ಕೆ ನೆಲ್ಲಿಕಾಯಿ ಫೀಸು ತೆಗೆದುಕೊಳ್ಳುತ್ತಾಳೆ. ಹಳೇ ನುಡಿ ತಂತ್ರಾಂಶದಲ್ಲಿ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿಟ್ಟ ಪಾಠಗಳನ್ನು ಇದಕ್ಕೆ ಅಂಟಿಸಲು ಹೋಗಬೇಡಿ, ಇಂಗ್ಲಿಷಿನ ಚೂರುಪಾರು ಬೀಳುತ್ತದೆ. ಯುನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಯಿಸಿ ತನ್ನಿ.

ಇಷ್ಟಾದರೂ ಸೆಪ್ಟೆಂಬರಿನವರೆಗೆ ಬ್ಲಾಗ್ ಸಪ್ಪೆಯೇ. ಯಾರು ಏನು ಬರೆದರೂ ಕೆಳಗೆ 'ಸೂಪರ್'. ಒಂದು ದಿನ ಬೂತಾಯಿ ಗುಂಪಿನ ಒಬ್ಬ 'ಸೂಪರ್' ಹಾಕಿದ ಪೋಸ್ಟಿಗೇ ಅದೇ ಗುಂಪಿನ ಎರಡನೇ ಹುಡುಗ ತನ್ನ 'ಸೂಪರ್' ಹಾಕಿದ. ಇದನ್ನು ಆಗಲೇ ಹೇಳಿದ್ದೀರಿ ಎಂದು ವರ್ಡ್‌ಪ್ರೆಸ್ ತಿರಸ್ಕರಿಸಿತು. ಒಂದೇ ಖಾತೆಯಿಂದ ಒಂದೇ ಪೋಸ್ಟಿಗೆ ಅದೇ ಮಾತು ಎರಡು ಸಲ ಬಂದರೆ ಅದು ಬಿಡುವುದಿಲ್ಲ. ಹುಡುಗ ಗಲಾಟೆ ಮಾಡಿದ, ನನಗೆ ದಾರಿ ಸಿಕ್ಕಿತು. ಅಂದಿನಿಂದ ನಿಯಮ ಇಷ್ಟೇ: ಕಮೆಂಟ್ ಅಂದರೆ ಒಂದು ಪ್ರಶ್ನೆ, ಅದಕ್ಕೆ ಬರೆದವರು ಮುಂದಿನ ಬುಧವಾರದೊಳಗೆ ಪೋಸ್ಟನ್ನೇ ತಿದ್ದಿ ಉತ್ತರ ಸೇರಿಸಬೇಕು. "ಅಜ್ಜಿ ಆಟಿ ಅಮಾಸೆಗೆ ಕಷಾಯ ಮಾಡಿದರು" (ಆಟಿ ಅಂದರೆ ತುಳುವರ ಆಷಾಢ) ಎಂಬ ಒಂದು ಸಾಲು, ಯಾವ ಮರ, ತೊಗಟೆ ಯಾವಾಗ ತಂದರು, ಕಹಿಗೆ ಏನು ತಿಂದಿರಿ ಎಂಬ ಪ್ರಶ್ನೆಗಳಿಗೆ ಹಾಲೆ ಮರ, ಬೆಳಕು ಹರಿಯುವ ಮೊದಲು, ಮೆಂತ್ಯೆ ಗಂಜಿ ಎಂದು ಬೆಳೆದು ಹದಿನಾಲ್ಕು ಸಾಲಾಯಿತು. ನಾನು ಕೆಂಪು ಪೆನ್ನು ಮುಟ್ಟಿಲ್ಲ. ಯಾರ ಪೋಸ್ಟಿಗೆ ಯಾರು ಪ್ರಶ್ನೆ ಹಾಕಬೇಕೆಂದು ಸರದಿ ಹಂಚುವುದಕ್ಕೆ ಒಂದು ಲೆಕ್ಕವಿದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ದುಡ್ಡಿನ ಲೆಕ್ಕ ನೆನಪಿನಿಂದ: ಪೈ 4,800, ಅಡಾಪ್ಟರ್ 700, ಕಾರ್ಡ್ ಮೂರು ಸೇರಿ 1,200, ರೂಟರ್ 1,100, ಯುಪಿಎಸ್ ಮತ್ತು ಕನ್ವರ್ಟರ್ 1,650, ಗಡಿಯಾರ 200, ಫೋನಿನ ಬ್ಯಾಟರಿ ನಾಲ್ಕಕ್ಕೆ 1,600. ಹತ್ತಿರ ಹತ್ತಿರ 11 ಸಾವಿರ. ಇದರಲ್ಲಿ ಸತ್ತ ಕಾರ್ಡಿನ 800 ನನ್ನ ಅಹಂಕಾರಕ್ಕೆ. ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ ಸಮಿತಿ) 4,000 ಕೊಟ್ಟಿತು, ಉಳಿದದ್ದು ಮುಂಬಯಿ ಹೋಟೆಲಿನಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರದು.

ನಡುವೆ ತುಳು ಒಗಟು ರೆಕಾರ್ಡ್ ಮಾಡಲು ಹೋದೆವು. ತಗಡಿನ ಮಾಡಿನ ಮೇಲೆ ಮಳೆ, ಅಜ್ಜಿಯ ದನಿ ಕೇಳಲೇ ಇಲ್ಲ. ಆಗಲಿ, ಆ ಮಳೆಯನ್ನೇ ಅಳೆಯೋಣ ಎಂದು 10 ಸೆಂ.ಮೀ. ಬಾಯಿಯ ಫನೆಲ್, ಒಂದು ಲೀಟರಿನ ಬಾಟಲಿ ಇಟ್ಟೆವು. ಆ ಬಾಯಿಗೆ 1 ಮಿ.ಮೀ. ಮಳೆ ಅಂದರೆ 7.85 ಮಿ.ಲೀ. ನೀರು, ಮಕ್ಕಳಿಗೆ 8 ಎಂದೇ ಹೇಳಿದೆ. ಒಂದು ರಾತ್ರಿ ಬಾಟಲಿ ತುಂಬಿ ಚೆಲ್ಲಿತು, ಅಂದರೆ 125 ಮಿ.ಮೀ. ದಾಟಿದೆ. ಪೋಸ್ಟಿನ ಕೆಳಗೆ ಅಂಜಲ್ ಗುಂಪಿನ ಪ್ರಶ್ನೆ: "ಚೆಲ್ಲಿದ್ದು ಎಷ್ಟು?" ಬುಧವಾರ ಉತ್ತರ ಬಂತು, ಬಾಟಲಿಯನ್ನು ಬಕೆಟಿನಲ್ಲಿ ಇಡುತ್ತೇವೆ ಎಂದು. ಅದರ ಕೆಳಗೆ ಕಾಣೆ ಗುಂಪು: "ಬಕೆಟಿಗೂ ಮಳೆ ಬೀಳ್ತದಲ್ಲ?" ಕೊನೆಗೆ ಐದು ಲೀಟರಿನ ಪೈಂಟ್ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು ಫನೆಲನ್ನು ಎಂ-ಸೀಲ್ ಹಾಕಿ ಕೂರಿಸಿದೆವು, ಬಾಟಲಿ ಡಬ್ಬಿಯ ಒಳಗೆ. ಈಗ ಚೆಲ್ಲಿದ್ದನ್ನೂ ಅಳೆಯಬಹುದು. ಮುಚ್ಚಳದ ಅಂಚಿನಿಂದ ನೀರು ಒಳಗಿಳಿಯುತ್ತದೆಯೇ ಎಂಬ ಬಂಗುಡೆಯ ಪ್ರಶ್ನೆಗೆ ಇನ್ನೂ ಉತ್ತರ ಬರಬೇಕು.