ಹಳೇ ಎಂಜಿನ್ ಬ್ಲಾಕ್: ಬೋರ್ ಕೊನೆಗೆ ಅಳೆಯಿರಿ

ಎಂಜಿನ್‌ನ ಹೆಡ್ (ಮೇಲಿನ ಮುಚ್ಚಳ) ಬಿಚ್ಚಿದ ಕೂಡಲೇ ಎಲ್ಲರ ಬೆರಳು ಹೋಗುವುದು ಬೋರ್‌ನ, ಅಂದರೆ ಪಿಸ್ಟನ್ ಓಡಾಡುವ ತೂತಿನ, ಮೇಲಂಚಿಗೆ. ಉಗುರಿಗೆ ಸವೆತದ ಮೆಟ್ಟಿಲು ಸಿಕ್ಕಿತೋ, ‘ಬ್ಲಾಕ್ ಹೋಯ್ತು’ ಅನ್ನುವ ತೀರ್ಪು. ನಾನು ಬೋರ್ ಅಳೆಯುವುದು ಕೊನೆಗೆ. ಬ್ಲಾಕ್‌ನಲ್ಲಿ ಸುಲಭವಾಗಿ ಸರಿಹೋಗುವ ಜಾಗವೇ ಅದು. ಬ್ಲಾಕನ್ನು ಗುಜರಿಗೆ ಕಳಿಸುವುದು ಹೆಚ್ಚಾಗಿ ಬಿರುಕು, ಇಲ್ಲವೇ ಕೆಟ್ಟ ಮೇನ್ ಬೇರಿಂಗ್ ಸಾಲು (ಕ್ರ್ಯಾಂಕ್ ಶಾಫ್ಟ್ ಕೂರುವ ತೂತುಗಳ ಸಾಲು).

ತೊಳೆಯುವ ಮುಂಚೆ ಒಳ್ಳೆಯ ಬೆಳಕಿನಲ್ಲಿ ಒಮ್ಮೆ ನೋಡಿಬಿಡಬೇಕು. ಕೂಲೆಂಟ್ ಜಿನುಗಿ ಒಣಗಿದ ಬಿಳಿ ಅಥವಾ ಹಸಿರು ಗೆರೆ, ಒಂದೇ ಸಿಲಿಂಡರ್‌ನಲ್ಲಿರುವ ತುಕ್ಕಿನ ಪಟ್ಟೆ, ಇವೆಲ್ಲ ತೊಳೆದ ಮೇಲೆ ಕಾಣುವುದಿಲ್ಲ. ಆಮೇಲೆ ಕೋರ್ ಪ್ಲಗ್ (ನೀರಿನ ದಾರಿಯ ಬಿರಡೆ), ಆಯಿಲ್ ಗ್ಯಾಲರಿ ಪ್ಲಗ್ (ಎಣ್ಣೆ ದಾರಿಯ ಬಿರಡೆ) ಎಲ್ಲ ತೆಗೆದು ತೊಳೆಯುವುದು.

ಬಿರುಕು ಹುಡುಕುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವವೇ: ಎರಡು ಸಿಲಿಂಡರ್‌ಗಳ ನಡುವಿನ ಕಿರಿದಾದ ಡೆಕ್ (ಹೆಡ್ ಕೂರುವ ಮೇಲ್ಮೈ), ಹೆಡ್ ಬೋಲ್ಟ್ ತೂತಿನಿಂದ ನೀರಿನ ತೂತಿನ ಕಡೆಗೆ, ಮೇನ್ ಬೇರಿಂಗ್ ಹಿಡಿದಿರುವ ಗೋಡೆ, ನೀರು ಹೆಪ್ಪುಗಟ್ಟಿದ್ದ ಎಂಜಿನ್ ಆದರೆ ಹೊರಗಿನ ವಾಟರ್ ಜಾಕೆಟ್ (ನೀರಿನ ದಾರಿಯ ಗೋಡೆ). ಎರಕದ ಕಬ್ಬಿಣಕ್ಕೆ ಮ್ಯಾಗ್ನೆಟಿಕ್ ಪುಡಿಯ ಪರೀಕ್ಷೆ. ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯದ ಕಾರಣ ಬಣ್ಣದ ಡೈ. ಕಣ್ಣಿಗೆ ಏನೂ ಕಾಣದಿದ್ದರೂ ಪ್ರೆಶರ್ ಟೆಸ್ಟ್ ಬಿಡುವುದಿಲ್ಲ: ನೀರಿನ ದಾರಿಗಳನ್ನೆಲ್ಲ ಮುಚ್ಚಿ, 2–3 ಬಾರ್ ಗಾಳಿ ಕೊಟ್ಟು, ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಎದ್ದಲ್ಲಿ ತೂತು. ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಯಾದಾಗ ಬಾಯಿ ಬಿಡುತ್ತದೆ. ಹೊರಗಿನ ಜಾಕೆಟ್ ಬಿರುಕನ್ನು ಪಿನ್ ಹಾಕಿ ಹೊಲಿಯಬಹುದು, ಬೋರ್ ಒಳಗಿನದನ್ನು ಎಷ್ಟೋ ಸಲ ಸ್ಲೀವ್ (ಬೋರ್ ಒಳಗೆ ಕೂರಿಸುವ ಹೊಸ ಕೊಳವೆ) ಮುಚ್ಚುತ್ತದೆ. ಮೇನ್ ಗೋಡೆಯಲ್ಲಿ ಬಿರುಕು ಸಿಕ್ಕರೆ ನಾನು ಮುಂದೆ ಒಂದು ಅಳತೆಯನ್ನೂ ತೆಗೆಯುವುದಿಲ್ಲ.

ಮುಂದೆ ಮೇನ್ ಸಾಲು. ಶೆಲ್ (ಬೇರಿಂಗ್‌ನ ತೆಳು ಅರೆವೃತ್ತದ ತುಂಡು) ತೆಗೆದು, ಕ್ರ್ಯಾಂಕನ್ನು ಹಿಡಿದಿಡುವ ಕ್ಯಾಪ್‌ಗಳನ್ನು ಅವುಗಳ ನಂಬರ್ ಮತ್ತು ದಿಕ್ಕಿನ ಪ್ರಕಾರ ಕೂರಿಸಿ, ಬೋಲ್ಟ್‌ಗಳಿಗೆ ಪೂರ್ತಿ ಟಾರ್ಕ್ (ಬಿಗಿ) ಕೊಟ್ಟ ಮೇಲೆಯೇ ಅಳತೆ. ಸಡಿಲ ಕ್ಯಾಪ್‌ನ ಅಳತೆಗೆ ಅರ್ಥವಿಲ್ಲ. ಶೆಲ್ ತಿರುಗಿದ ಗೀರು, ನೀಲಿಗಟ್ಟಿದ ಬಣ್ಣ ಕಂಡರೆ ಲೈನ್ ಬೋರಿಂಗ್ (ಇಡೀ ಸಾಲನ್ನು ಒಂದೇ ನೇರದಲ್ಲಿ ಮತ್ತೆ ಕೊರೆಯುವುದು) ಬೇಕು ಎಂದೇ ಲೆಕ್ಕ ಹಾಕಿ. ಕ್ಯಾಪ್ ಒಂದು ಕಳೆದುಹೋಗಿದ್ದು ಬೇರೆ ಬ್ಲಾಕ್‌ನದನ್ನು ಹಾಕಿದ್ದರೂ ಅಷ್ಟೇ, ಕ್ಯಾಪ್ ಮತ್ತು ಬ್ಲಾಕನ್ನು ಒಟ್ಟಿಗೆ ಕೊರೆದಿರುತ್ತಾರೆ. ಲೈನ್ ಬೋರಿಂಗ್‌ನಲ್ಲಿ ಕ್ರ್ಯಾಂಕ್ ಸ್ವಲ್ಪ ಮೇಲೇರುತ್ತದೆ. ಟೈಮಿಂಗ್ ಚೈನ್ ಸಡಿಲವಾಗುತ್ತದೆ, ಗೇರ್ ಇದ್ದರೆ ಬಿಗಿಯಾಗುತ್ತದೆ. ಸಾಧಾರಣ ಬ್ಲಾಕ್‌ಗೆ ಇಷ್ಟೆಲ್ಲ ಮಾಡಿಸುವ ಬದಲು ಇನ್ನೊಂದು ಬ್ಲಾಕ್ ಹುಡುಕುವುದು ವಾಸಿ.

ಡೆಕ್ ಪರೀಕ್ಷೆ ಬೇಗ ಮುಗಿಯುತ್ತದೆ. ಸ್ಟ್ರೇಟ್ ಎಡ್ಜ್ ಅನ್ನು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಇಟ್ಟು 0.05 ಮಿ.ಮೀ. ಫೀಲರ್ (ತೆಳು ಅಳತೆ ಪಟ್ಟಿ) ನುಸುಳುತ್ತದೆಯೇ ನೋಡಿ. ನುಸುಳಿದರೆ ಸರ್ಫೇಸಿಂಗ್ (ಮೇಲ್ಮೈ ಸಮ ಮಾಡಿಸುವುದು). ಡೀಸೆಲ್ ಆದರೆ ಆಮೇಲೆ ಪಿಸ್ಟನ್ ಎಷ್ಟು ಮೇಲೆ ಬರುತ್ತದೆಂದು ಮತ್ತೆ ಅಳೆಯಬೇಕು, ಹೆಡ್ ಗ್ಯಾಸ್ಕೆಟ್‌ನ ದಪ್ಪ ಅದರ ಮೇಲೆ ನಿಂತಿದೆ.

ಈಗ ಬೋರ್. ಬ್ಲಾಕ್ ಮತ್ತು ಗೇಜ್ ಒಂದೇ ಕೋಣೆಯಲ್ಲಿ ಒಂದು ರಾತ್ರಿ ಇರಲಿ, 100 ಮಿ.ಮೀ. ಕಬ್ಬಿಣದ ಬೋರ್ 10 ಡಿಗ್ರಿಗೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. ಪ್ರತಿ ಸಿಲಿಂಡರ್‌ಗೆ ಮೇಲೆ, ನಡುವೆ, ಕೆಳಗೆ ಮೂರು ಎತ್ತರ, ಕ್ರ್ಯಾಂಕ್‌ಗೆ ಉದ್ದ ಮತ್ತು ಅಡ್ಡ ಎರಡು ದಿಕ್ಕು. ಮೆಟ್ಟಿಲಿನ ಕೆಳಗೆ, ಥ್ರಸ್ಟ್ ಬದಿಯಲ್ಲಿ (ಪಿಸ್ಟನ್ ಒತ್ತುವ ಬದಿ) ಸವೆತ ಹೆಚ್ಚು: ಅಲ್ಲಿ ಎಣ್ಣೆ ಕಡಿಮೆ, ಮೇಲಿನ ರಿಂಗ್‌ನ ಹಿಂದೆ ಉರಿಯುವ ಗ್ಯಾಸ್‌ನ ಒತ್ತಡ ಹೆಚ್ಚು.

ಲೆಕ್ಕ ತಪ್ಪುವುದು ಇಲ್ಲೇ. ಮೂಲ ಅಳತೆ 86.00 ಮಿ.ಮೀ., ಮೇಲೆ 86.20 ಬಂತು ಅಂದುಕೊಳ್ಳಿ. 0.25 ಓವರ್‌ಸೈಜ್ (ಅಷ್ಟು ದೊಡ್ಡ ಪಿಸ್ಟನ್) ಸಾಕು ಅನಿಸುತ್ತದೆ. ಆದರೆ ಆ 0.20 ಪೂರ್ತಿ ಒಂದೇ ಬದಿಯಲ್ಲಿ ಸವೆದಿದ್ದರೆ, ಮೂಲ ನಡುಬಿಂದು ಬಿಡದೆ ಕೊರೆಯಲು 86.40 ತನಕ ಹೋಗಬೇಕು. 0.25ಕ್ಕೆ ನಿಲ್ಲಿಸಿದರೆ ಟೂಲ್ ಮುಟ್ಟದ ಹೊಳಪಿನ ಪಟ್ಟೆ ಉಳಿಯುತ್ತದೆ. ಹಾಗಾಗಿ 0.50: ಸುಮಾರು 86.43 ತನಕ ಬೋರಿಂಗ್, ಉಳಿದದ್ದು ಹೋನಿಂಗ್‌ಗೆ (ಕಲ್ಲಿನಿಂದ ಉಜ್ಜಿ ಅಳತೆಗೆ ತರುವುದು). ಯಂತ್ರವನ್ನು ಸವೆಯದ ಕೆಳತುದಿಯಿಂದ ಸೆಂಟರ್ ಮಾಡಲು ಹೇಳಿ; ಸವೆದ ಮೇಲ್ತುದಿಯಿಂದ ಮಾಡಿದರೆ ಬೋರ್ ಒಂದು ಬದಿಗೆ ಜರುಗುತ್ತದೆ. ಅತಿ ಕೆಟ್ಟ ಸಿಲಿಂಡರ್ ಎಲ್ಲದರ ಸೈಜನ್ನು ನಿರ್ಧರಿಸುತ್ತದೆ. ಹಳೇ ಪಿಸ್ಟನ್ ತಲೆಯ ಮೇಲೆ ಈಗಾಗಲೇ ‘1.00’ ಎಂದಿದ್ದರೆ ಹೆಚ್ಚಾಗಿ ಸ್ಲೀವ್ ಒಂದೇ ದಾರಿ. ಅದಕ್ಕೂ ಮುಂಚೆ ಗೋಡೆಯ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜ್‌ನಲ್ಲಿ ನೋಡಿಸಿ. ಎರಕದಲ್ಲಿ ಕೋರ್ (ಒಳಗಿನ ಮರಳಿನ ಅಚ್ಚು) ಸರಿದಿದ್ದರೆ ಒಂದು ಬದಿ ತೆಳ್ಳಗಿರುತ್ತದೆ.

ವೆಟ್ ಲೈನರ್ (ಸುತ್ತ ನೀರು ಇರುವ, ತೆಗೆದು ಹಾಕಬಹುದಾದ ಕೊಳವೆ) ಬ್ಲಾಕ್‌ನಲ್ಲಿ ಬೋರ್ ಸವೆತ ಚಿಂತೆಯೇ ಅಲ್ಲ, ಲೈನರ್ ಬದಲಾಯಿಸಿದರಾಯಿತು. ನೋಡಬೇಕಾದ್ದು ಬ್ಲಾಕ್‌ನಲ್ಲಿ ಓ-ರಿಂಗ್ ಕೂರುವ ಜಾಗ ಮತ್ತು ಮೇಲಿನ ಚಾಚು ಕೂರುವ ಮೆಟ್ಟಿಲು. ಅಲ್ಲಿ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಹೊಸ ಲೈನರ್‌ನ ಸುತ್ತಲೂ ನೀರು ಸಂಪ್‌ಗೆ (ಕೆಳಗಿನ ಎಣ್ಣೆ ತೊಟ್ಟಿಗೆ) ಇಳಿಯುತ್ತದೆ.

ಎಲ್ಲವೂ ಪಾಸಾದರೂ ತಕ್ಷಣ ಬೋರಿಂಗ್‌ಗೆ ಕೊಡಬೇಡಿ. ಮೊದಲು ಆ ಸೈಜಿನ ಪಿಸ್ಟನ್, ರಿಂಗ್ ಸಿಗುತ್ತವೆಯೇ ನೋಡಿ, ಕೈಗೆ ಬರಲಿ. ಹಳೇ ಎಂಜಿನ್‌ಗಳಿಗೆ 0.50 ಇದ್ದು 0.75 ಸಿಗದಿರುವುದುಂಟು. ಕೊನೆಯ ಹೋನಿಂಗ್ ಅಳತೆ ಪಿಸ್ಟನ್ ಪೆಟ್ಟಿಗೆಯ ಮೇಲಿನ ಸಂಖ್ಯೆಯಿಂದಲ್ಲ, ಆ ಪಿಸ್ಟನ್‌ನ ಸ್ಕರ್ಟ್ (ಕೆಳಭಾಗ) ಅನ್ನು ಮೈಕ್ರೋಮೀಟರ್‌ನಲ್ಲಿ ಅಳೆದು, ಮ್ಯಾನುಯಲ್ ಹೇಳುವ ಕ್ಲಿಯರೆನ್ಸ್ (ನಡುವೆ ಬಿಡಬೇಕಾದ ಸಂದು) ಸೇರಿಸಿದಾಗ ಬರುವುದು.